ಗಾಡಿ ಬಂದ್ ಬಿದ್ರ ಏನ್ ಹಿಡಕೊಂಡು ನಿಂದರತಿ?



ವಿಮಾನ ಹಾರಿಸುವುದನ್ನು ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ನಮ್ಮಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದರು. ಖರ್ಚು ಎಷ್ಟು ಎಂದು ಕೇಳಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಬ್ಬಿನ ಸೋಗೆಯ ಕಟ್ಟು ಬಿಚ್ಚುತ್ತಲೇ, "ಮ್ಯಾಲ ಹ್ವಾದ ಮ್ಯಾಲ ಗಾಡಿ ಬಂದ್ ಬಿದ್ರ ಏನ್ ಹಿಡಕೊಂಡು ನಿಂದರತಿಪಾ?" ಎಂದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದೆ ಲೈಸೆನ್ಸ್ ಬಂತು. ಖಾಸಗಿ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ ಹದಿನೇಳು ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಆ ಗಂಟೆಗಳಲ್ಲಿ ದೊಡ್ಡ ಪಾಲು ಹೋದದ್ದು ಅಪ್ಪನ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ. ಇವತ್ತು ಆ ಉತ್ತರವನ್ನು ನಿಮ್ಮ ಮುಂದೆ ಇಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳನ್ನು ಬಿಟ್ಟು ಇದನ್ನು ಹೇಳಲು ನನಗೆ ಬರುವುದಿಲ್ಲ, ಹಾಗಾಗಿ ಅವೂ ನಡುನಡುವೆ ಬರುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಕೆಳಗೆ ಬೀಳುವುದಿಲ್ಲ. ಗೋಕಾಕ ಫಾಲ್ಸ್ ಕಡೆಯಿಂದ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಬೈಕ್ ಬಂದ್ ಮಾಡಿಕೊಂಡು ಇಳಿಯುವವರನ್ನು ನೀವು ನೋಡಿದ್ದೀರಿ. (ನೀವು ಹಾಗೆ ಇಳಿಯಬೇಡಿ, ಅದು ಬೇರೆ ಮಾತು.) ಎಂಜಿನ್ ಇಲ್ಲದಿದ್ದರೂ ಇಳಿಜಾರು ಗಾಡಿಯನ್ನು ಓಡಿಸುತ್ತದೆ. ವಿಮಾನಕ್ಕೆ ಆ ಇಳಿಜಾರು ಎಂದರೆ ಅದರ ಎತ್ತರ. ರೆಕ್ಕೆಗೆ ಬೇಕಾದದ್ದು ತನ್ನ ಮೇಲೆ ಹರಿಯುವ ಗಾಳಿ. ಅದನ್ನು ಎಂಜಿನ್ ತಂದಿತೋ ಇಳಿಜಾರು ತಂದಿತೋ ಎಂದು ರೆಕ್ಕೆ ವಿಚಾರಿಸುವುದಿಲ್ಲ. ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ಎಂಜಿನ್ ನಿಂತ ಮೇಲೆ ವೇಗವನ್ನು ಸುಮಾರು 65 ನಾಟ್‌ಗೆ, ಅಂದರೆ ಗಂಟೆಗೆ 120 ಕಿಲೋಮೀಟರಿಗೆ ಹಿಡಿದಿಟ್ಟರೆ, ಒಂದು ಸಾವಿರ ಅಡಿ ಇಳಿಯುವಷ್ಟರಲ್ಲಿ ಅದು ಹತ್ತಿರ ಹತ್ತಿರ ಮೂರು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬ ವಿದ್ಯೆಯನ್ನು ಜರ್ಮನಿಯ ಗೋಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಡ್ಟ್‌ಲ್ ಅವರ ಕೈಕೆಳಗೆ ಕಲಿತು ಬಂದ ಒಬ್ಬರು ನಮ್ಮ ನೆರೆಯವರೇ. ಡಾ. ವಿಷ್ಣು ಮಾಧವ ಘಾಟಗೆ. ಹುಟ್ಟಿದ್ದು ಗಡಹಿಂಗ್ಲಜ ಸೀಮೆಯ ಹಸೂರಚಂಪುವಿನಲ್ಲಿ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ದಾಟಿದರೆ ಗಡಹಿಂಗ್ಲಜ ಎಷ್ಟು ದೂರ, ಹೇಳಿ? ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅವರು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಅದಕ್ಕೂ ಇದ್ದದ್ದು ಒಂದೇ ಎಂಜಿನ್. ಒಂದೇ ಎಂಜಿನ್ನಿನ ವಿಮಾನದಲ್ಲಿ ಕಲಿಯುವವರಿಗೆ ಗುರುಗಳು ಮೇಲೆ ಹೋದ ಮೇಲೆ ಸುಮ್ಮನೆ ಥ್ರಾಟಲ್ ಹಿಂದಕ್ಕೆ ಎಳೆದು, "ಎಂಜಿನ್ ಹೋಯಿತು, ಈಗೇನು ಮಾಡುತ್ತಿ?" ಎಂದು ಕೇಳುವ ಪದ್ಧತಿ ಅಂದಿನಿಂದಲೂ ಇದೆ, ಇಂದಿಗೂ ಇದೆ.

ಈಗೇನು ಮಾಡಬೇಕು? ಮೂಗು ಕೆಳಗೆ ಮಾಡಬೇಕು. ಹೇಳಲು ಇಷ್ಟೇ. ಆದರೆ ನೆಲ ಹತ್ತಿರ ಬರುತ್ತಿರುವಾಗ ನೆಲದ ಕಡೆಗೇ ಮೂಗು ಮಾಡು ಎಂದರೆ ಮೈಯೊಳಗಿನ ಪ್ರತಿಯೊಂದು ನರವೂ ಬೇಡ ಎನ್ನುತ್ತದೆ. ಕೈ ತಾನಾಗಿ ಕಂಟ್ರೋಲನ್ನು ಎದೆಗೆ ಎಳೆದುಕೊಳ್ಳುತ್ತದೆ. ಎಳೆದರೆ ವೇಗ ಸಾಯುತ್ತದೆ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆ ಸ್ಟಾಲ್ ಎನ್ನುತ್ತಾರೆ. ಕಲ್ಲಿನ ಹಾಗೆ ಬೀಳುವುದು ಆಗ, ಅದೂ ಎಂಜಿನ್ನಿನ ತಪ್ಪಿನಿಂದಲ್ಲ. ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇದೇ: ವೇಗ ಹಿಡಕೊಂಡು ನಿಂದರತೀನಿ.

ಉಳಿದ ಅರ್ಧ ಉತ್ತರ ನೆಲದ ಮೇಲಿದೆ.

ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟು ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿಕೊಂಡು ಮತ್ತೆ ಸಾಂಬ್ರಾಕ್ಕೆ ಬರುವುದು ಸಣ್ಣ ವಿಮಾನಕ್ಕೆ ಒಂದು ಗಂಟೆಯೊಳಗಿನ ಹಾದಿ. ಬಸ್ಸಿನಲ್ಲಿ ಹೋದರೆ ಊಟದ ಬುತ್ತಿ ಬೇಕು. ಮೀಟರಿನಲ್ಲಿ ನಾಲ್ಕೂವರೆ ಸಾವಿರ ಅಡಿ ಇಟ್ಟುಕೊಂಡು ಹೋಗುತ್ತೇವೆ ಎನ್ನಿ. ಇಲ್ಲಿ ಒಂದು ಮೋಸವಿದೆ. ಆ ಮೀಟರ್ ಎತ್ತರ ತೋರಿಸುವುದು ಸಮುದ್ರದಿಂದ, ನೆಲದಿಂದ ಅಲ್ಲ. ಸಾಂಬ್ರಾ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಮೇಲಿದೆ. ಗೋಕಾಕ ಸುಮಾರು ಸಾವಿರದ ಎಂಟುನೂರು ಅಡಿ. ಸಾಂಬ್ರಾದಲ್ಲಿ ದಿನಾ ಇಳಿದು ರೂಢಿಯಾದವನ ಕಣ್ಣಿಗೆ ಮುಳ್ಳು ಮೂರೂವರೆ ಸಾವಿರ ತೋರಿಸಿದರೆ ನೆಲ ಸಾವಿರ ಅಡಿ ಕೆಳಗೆ ಎಂದರ್ಥ. ಅದೇ ಮುಳ್ಳು ಗೋಕಾಕದ ಮೇಲೆ ಅದೇ ಜಾಗ ತೋರಿಸಿದಾಗ ನೆಲ ಸಾವಿರದ ಏಳುನೂರು ಅಡಿ ಕೆಳಗಿದೆ. ಲಾಭವಾಯಿತಲ್ಲ ಎನ್ನಬೇಡಿ. ಆರಿಸಿದ ಹೊಲವನ್ನು ಆಚೆ ದಾಟಿಹೋಗಿ ಮುಂದಿನ ಬೇಲಿಗೋ ಬಾವಿಗೋ ಬಡಿಯುವುದು ಹೀಗೆ ಎತ್ತರ ಹೆಚ್ಚಾಗಿಯೇ. ಅದಕ್ಕೇ ಕೊನೆಯ ಸುತ್ತಿನಲ್ಲಿ ಮುಳ್ಳನ್ನು ಬಿಟ್ಟು ಕಣ್ಣನ್ನು ನಂಬು ಎಂದು ನಮ್ಮ ಗುರುಗಳು ಹೇಳುತ್ತಿದ್ದರು.

ನಾಲ್ಕೂವರೆ ಸಾವಿರದಿಂದ ಗೋಕಾಕದ ನೆಲಕ್ಕೆ ಇಳಿಯಲು ಸಿಗುವುದು ಹೆಚ್ಚುಕಡಿಮೆ ಮೂರೂವರೆ ನಿಮಿಷ. ಚಹಾ ಕುದಿಯುವುದಿಲ್ಲ. ಆದರೆ ತಲೆ ನೆಟ್ಟಗಿದ್ದರೆ ಅದು ದೊಡ್ಡ ಹೊತ್ತು. ಅದರಲ್ಲಿ ಮೊದಲ ಅರ್ಧ ನಿಮಿಷ ವೇಗಕ್ಕೂ ಹೊಲಕ್ಕೂ. ಆಮೇಲೆ ಉಳಿದದ್ದು ಎಂಜಿನ್ನಿಗೆ.

ಹಳೆಯ ಬೈಕ್ ಓಡಿಸಿದವರಿಗೆ ಈ ಭಾಗ ಹೇಳಿಕೊಡಬೇಕಾಗಿಲ್ಲ. ಘಟಪ್ರಭಾ ರಸ್ತೆಯಲ್ಲಿ ಹೋಗುತ್ತಿರುವಾಗ ಬೈಕ್ ಕೆಮ್ಮಿತು ಎಂದರೆ ನಿಮ್ಮ ಎಡಗೈ ಎಲ್ಲಿಗೆ ಹೋಗುತ್ತದೆ? ಯೋಚನೆಯನ್ನೇ ಕಾಯದೆ ಟಾಕಿಯ ಕೆಳಗಿನ ರಿಸರ್ವ್ ಚಾವಿಗೆ. ಪೈಲಟ್ಟಿನ ಕೈಯೂ ಹಾಗೇ ಹೋಗಬೇಕು. ಇಂಧನದ ಚಾವಿ ಎರಡೂ ಟಾಕಿಗೆ ತೆರೆದಿದೆಯೇ, ಮಿಕ್ಸ್ಚರ್ ಪೂರ್ತಿ ಒಳಗಿದೆಯೇ, ಕಾರ್ಬ್ಯುರೇಟರ್ ಹೀಟ್ ಎಳೆದಾಯಿತೇ, ಇಗ್ನಿಷನ್ ಕೀಲಿ ಎರಡೂ ಮ್ಯಾಗ್ನೆಟೊ ಮೇಲಿದೆಯೇ. ನೆಲದಿಂದ ಮೇಲಕ್ಕೆ, ಬಲದಿಂದ ಎಡಕ್ಕೆ, ಕೈ ಒಂದು ದಾರಿ ಹಿಡಿದು ಹೋಗುತ್ತದೆ. ಹಾರದ ದಿನವೂ ನಿಂತ ವಿಮಾನದಲ್ಲಿ ಕೂತು ಕಣ್ಣು ಮುಚ್ಚಿ ಈ ದಾರಿಯಲ್ಲಿ ಕೈ ಆಡಿಸಿದ್ದೇನೆ. ನೋಡಿದವರು ಪೂಜೆ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು.

ಇನ್ನು ಮ್ಯಾಗ್ನೆಟೊ. ಔಷಧ ಹೊಡೆಯುವ ಪೆಟ್ರೋಲ್ ಪಂಪನ್ನು ಹಗ್ಗ ಎಳೆದು ಚಾಲೂ ಮಾಡುತ್ತೀರಲ್ಲ, ಬ್ಯಾಟರಿ ಇಲ್ಲದೆ ಕಿಡಿ ಬರುತ್ತದಲ್ಲ, ಅದೇ ಇದು. ವಿಮಾನದಲ್ಲಿ ಅಂಥವು ಎರಡು. ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ಗು. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಒಂದರ ಟೈಮಿಂಗ್ ತಪ್ಪಿ ಎಂಜಿನ್ ನಡುಗುತ್ತಿದ್ದರೆ ಕೀಲಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಸರಿಯಿರುವ ಒಂದರ ಮೇಲೆ ಮನೆ ಸೇರಬಹುದು.

ಕಾರ್ಬ್ಯುರೇಟರಿನ ಪಾಠ ಮಾತ್ರ ನನಗೆ ಪುಸ್ತಕದಿಂದ ಬಂದದ್ದಲ್ಲ. ಆಗಸ್ಟ್ ತಿಂಗಳು. ಹಿಡಕಲ್ ಡ್ಯಾಮ್ ತುಂಬಿತ್ತು, ನೀರಿನ ಮೇಲೆ ತೆಳ್ಳನೆ ಮಂಜಿನಂಥ ಮೋಡ ತೇಲುತ್ತಿತ್ತು. ಹೊರಗೆ ಇಪ್ಪತ್ತೆರಡು ಡಿಗ್ರಿ. ಮೀಟರಿನಲ್ಲಿ ಎಂಜಿನ್ನಿನ ಸುತ್ತು 2300 ಇದ್ದದ್ದು 2250ಕ್ಕೆ ಬಂತು. ನಾನು ಥ್ರಾಟಲ್ ತುಸು ಒಳಗೆ ಒತ್ತಿದೆ. ಸರಿಯಾಯಿತು. ಎರಡು ನಿಮಿಷಕ್ಕೆ ಮತ್ತೆ ಇಳಿಯಿತು. ಮತ್ತೆ ಒತ್ತಿದೆ. ಮೂರನೇ ಸಲ ಎಂಜಿನ್ ಅಜ್ಜ ಕೆಮ್ಮಿದ ಹಾಗೆ ಕೆಮ್ಮಿತು. ಬಲಗಡೆ ಕೂತಿದ್ದ ಗುರುಗಳು ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದರು. "ಬರ್ಫ ಕಟ್ಟೇದ, ನೀ ಅದಕ್ಕ ಇನ್ನಷ್ಟು ಉಣಿಸಾಕತ್ತಿ" ಎಂದು ಕಾರ್ಬ್ಯುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಹೊರಗೆ ಎಳೆದರು.

ಇಪ್ಪತ್ತೆರಡು ಡಿಗ್ರಿಯಲ್ಲಿ ಬರ್ಫವೇ ಎಂದರೆ, ಹೌದು. ಕಾರ್ಬ್ಯುರೇಟರಿನ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಒಳಗಿನ ಬಿಸಿಯನ್ನು ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಸಿಬಿಡುತ್ತವೆ. ಗಾಳಿಯಲ್ಲಿ ತೇವ ಇದ್ದರೆ ಅದು ಅಲ್ಲೇ ಹೆಪ್ಪುಗಟ್ಟಿ ಗಂಟಲು ಬಿಗಿಯುತ್ತದೆ. ನಮ್ಮ ಮಳೆಗಾಲಕ್ಕಿಂತ ತೇವದ ಗಾಳಿ ಎಲ್ಲಿದೆ? ಗುಂಡಿ ಎಳೆದ ಕೂಡಲೇ ಎಂಜಿನ್ ಸುಧಾರಿಸಲಿಲ್ಲ, ಇನ್ನೂ ಕೆಟ್ಟಿತು. ಕರಗಿದ ನೀರನ್ನು ಅದು ನುಂಗುತ್ತಿತ್ತು. ನನ್ನ ಕೈ ಆ ಗುಂಡಿಯನ್ನು ಮತ್ತೆ ಒಳಗೆ ನೂಕಲು ಹೋಯಿತು; ಗುರುಗಳು ನನ್ನ ಮಣಿಕಟ್ಟು ಹಿಡಿದರು. ಅರ್ಧ ನಿಮಿಷ ಇರಬೇಕು. ಕೆಳಗೆ ನೀರು, ನೀರು, ಬರೀ ನೀರು. ಆಮೇಲೆ ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡು 2300ಕ್ಕೆ ಹತ್ತಿ ನಿಂತಿತು. ಗುರುಗಳು ಮತ್ತೆ ಕಿಟಕಿಯಾಚೆ ನೋಡತೊಡಗಿದರು. ಡ್ಯಾಮಿನ ನಡುಮಧ್ಯ ಹಾರಬಾರದು, ದಂಡೆ ಹಿಡಿದು ಹಾರಬೇಕು ಎಂದು ಅವರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಆವತ್ತಿನಿಂದ ನಾನು ನಡುವೆ ಹಾರಿಲ್ಲ.

ಎಂಜಿನ್ ಏನು ಮಾಡಿದರೂ ಏಳಲಿಲ್ಲ ಎನ್ನಿ. ಆಗ ಹೊಲ.

ಮೇಲಿನಿಂದ ನೋಡಿದರೆ ಗೋಕಾಕ, ಮೂಡಲಗಿ ಭಾಗವೆಲ್ಲ ಹಸಿರು ಜಮಖಾನೆ. ಪಟ್ಟಣದಿಂದ ಬಂದ ಹುಡುಗರು ಆ ಹಸಿರು ನೋಡಿ ಮೆತ್ತಗಿದೆ ಎಂದು ಮರುಳಾಗುತ್ತಾರೆ. ಅದರಲ್ಲಿ ಬಹುಪಾಲು ಕಬ್ಬು. ಬೆಳೆದ ಕಬ್ಬು ಆಳೆತ್ತರವಲ್ಲ, ಎರಡಾಳೆತ್ತರ. ಅದರೊಳಗೆ ಬೋರ್‌ವೆಲ್, ಒಡ್ಡು, ಕಂಬ ಏನಿದ್ದರೂ ಕಾಣುವುದಿಲ್ಲ. ಈಗ ತಾನೇ ನೀರು ಹಾಯಿಸಿದ ಎಳೆ ಕಬ್ಬಾದರೆ ಗಾಲಿ ಹೂತು ಪಲ್ಟಿ ಹೊಡೆಯುತ್ತದೆ. ಕಟಾವಾಗಿ ರವದಿ ಒಣಗಿ ಬಿದ್ದ ಹೊಲ ಪರವಾಗಿಲ್ಲ, ಆದರೆ ಸಾಲಿಗೆ ಸಮನಾಗಿ ಇಳಿಯಬೇಕು, ಅಡ್ಡಡ್ಡ ಅಲ್ಲ. ಅರಿಷಿಣದ ಮಡಿಗಳದ್ದೂ ಅದೇ ಕಥೆ. ನನ್ನ ಮನಸ್ಸು ಯಾವಾಗಲೂ ಹೋಗುವುದು ಮೂಡಣಕ್ಕೆ, ಕೌಜಲಗಿ, ಯಾದವಾಡದ ಎರೆ ಹೊಲಗಳಿಗೆ. ಫೆಬ್ರುವರಿಯ ಕೊನೆಗೆ ಬಿಳಿಜೋಳ, ಕಡಲೆ ಕಿತ್ತ ಮೇಲೆ ಉದ್ದಕ್ಕೆ, ಒಣಗಿ, ತೆರೆದು ಬಿದ್ದಿರುತ್ತವೆ. ಅದೇ ಹೊಲ ಜುಲೈಯಲ್ಲಿ ಎತ್ತನ್ನೂ ಮೊಣಕಾಲವರೆಗೆ ಹಿಡಿಯುತ್ತದೆ. ಮಳೆಗಾಲಕ್ಕೆ ಹುಕ್ಕೇರಿ ಕಡೆಯ ಮಸಾರಿ ನೆಲ ಲೇಸು. ಹೀಗೆ ಒಂದೇ ಹೊಲ ಒಂದು ತಿಂಗಳು ರನ್‌ವೇ, ಇನ್ನೊಂದು ತಿಂಗಳು ಕೆಸರಿನ ಗುಂಡಿ. ಇದು ಯಾವ ನಕ್ಷೆಯಲ್ಲೂ ಇಲ್ಲ. ನಾನೊಂದು ಸಣ್ಣ ವಹಿ ಇಟ್ಟಿದ್ದೇನೆ, ಅದರಲ್ಲಿ ಊರು, ದಿಕ್ಕು, ತಿಂಗಳು, ಬೆಳೆ ಬರೆದುಕೊಳ್ಳುತ್ತೇನೆ.

ಹೆದ್ದಾರಿ ಇದೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. ಪುಣೆ–ಬೆಂಗಳೂರು ಹೆದ್ದಾರಿ ಸಂಕೇಶ್ವರ, ಯಮಕನಮರಡಿ ಹಾಯ್ದೇ ಹೋಗುತ್ತದೆ, ನಿಜ. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ನಡುವೆ ಬೈಕಿಗೇ ಜಾಗ ಸಿಗುವುದಿಲ್ಲ, ಮೂವತ್ತಾರು ಅಡಿ ಅಗಲದ ರೆಕ್ಕೆಗೆ ಎಲ್ಲಿ ಸಿಗಬೇಕು? ಮೇಲೆ ಅಡ್ಡ ಹಾಯ್ದ ತಂತಿಗಳು ಬೇರೆ.

ತಂತಿಯ ಮಾತು ಸ್ವಲ್ಪ ಉದ್ದ ಹೇಳಬೇಕು, ಏಕೆಂದರೆ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಹುಕ್ಕೇರಿಯವರಿಗೆ ವಿದ್ಯುತ್ತಿನ ಚರಿತ್ರೆ ಹೊಸದಲ್ಲ. 1969ರಿಂದ ಅಲ್ಲಿ ರೈತರದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಗೋಕಾಕ ಫಾಲ್ಸಿನಲ್ಲಂತೂ 1887ರಲ್ಲೇ ನೀರಿನಿಂದ ವಿದ್ಯುತ್ ತೆಗೆದರು. ಅಂದಮೇಲೆ ಈ ಸೀಮೆಯಲ್ಲಿ ತಂತಿ ಇಲ್ಲದ ಹೊಲ ಹುಡುಕುವುದು ಕಷ್ಟವೇ. ತಂತಿ ಹುಡುಕಬೇಡ, ಕಂಬ ಹುಡುಕು ಎನ್ನುತ್ತಾರೆ ಕಲಿಸುವವರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಪಂಪ್‌ಸೆಟ್ಟಿನ ಗುಡಿಸಲು ಹುಡುಕುತ್ತೇನೆ. ಗುಡಿಸಲು ಕಂಡಿತೆಂದರೆ ಯಾವುದೋ ಒಂದು ದಿಕ್ಕಿನಿಂದ ತಂತಿ ಅಲ್ಲಿಗೆ ಬಂದೇ ಇರುತ್ತದೆ.

ಗಾಳಿ ಎತ್ತಕಡೆಯದು ಎಂದು ತಿಳಿಯಲು ವಿಮಾನ ನಿಲ್ದಾಣದಲ್ಲಿ ಬಟ್ಟೆಯ ಚೀಲ ಕಟ್ಟಿರುತ್ತಾರೆ. ನಮಗೆ ನವೆಂಬರಿನಿಂದ ಮಾರ್ಚಿನವರೆಗೆ ಸಕ್ಕರೆ ಕಾರ್ಖಾನೆಗಳೇ ಆ ಚೀಲ. ಸಂಕೇಶ್ವರದ ಹಿರಣ್ಯಕೇಶಿಯ ಚಿಮಣಿಯ ಹೊಗೆ ಎಷ್ಟು ಮೈಲಿಗೂ ಕಾಣುತ್ತದೆ. ಇದು ಬರೀ ಶೋಕಿಯ ವಿದ್ಯೆಯಲ್ಲ. ವಿಮಾನ ನೆಲ ಮುಟ್ಟುವ ವೇಗ 50 ನಾಟ್, ಗಾಳಿ 15 ಎನ್ನಿ. ಗಾಳಿಗೆ ಎದುರಾಗಿ ಇಳಿದರೆ ನೆಲದ ಮೇಲಿನ ವೇಗ 35, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದರೆ 65. ಪೆಟ್ಟಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡನೆಯದರ ಪೆಟ್ಟು ಮೊದಲನೆಯದಕ್ಕಿಂತ ಮೂರು ಪಟ್ಟಿಗೂ ಮಿಗಿಲು.

ರೇಡಿಯೋದಲ್ಲಿ ಮೂರು ಸಲ ಮೇಡೇ ಎಂದು ಕೂಗಿ, ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ ಎಂದು ಹೇಳಬೇಕು. ಸಾಂಬ್ರಾದವರು ಕೇಳಿಸಿಕೊಳ್ಳದಿದ್ದರೆ 121.5 ಎಂಬ ಆಪತ್ತಿನ ತರಂಗವಿದೆ. ಟ್ರಾನ್ಸ್‌ಪಾಂಡರಿನಲ್ಲಿ 7700 ಹಾಕಿದರೆ ರಾಡಾರಿನವರಿಗೆ ಗೊತ್ತಾಗುತ್ತದೆ. ಆದರೆ ಇದು ಕೊನೆಗೆ. ಟವರಿನವರು ಬಂದು ರೆಕ್ಕೆ ಹಿಡಿಯುವುದಿಲ್ಲ. ಹೊಲ ಖಾತ್ರಿಯಾದ ಮೇಲೆ ಇಂಧನ ಬಂದ್, ಇಗ್ನಿಷನ್ ಬಂದ್, ಬೆಲ್ಟು ಬಿಗಿ, ಬಾಗಿಲ ಚಿಲಕ ತೆಗೆದಿಡುವುದು. ಬಡಿತಕ್ಕೆ ಚೌಕಟ್ಟು ಸೊಟ್ಟಾದರೆ ಮುಚ್ಚಿದ ಬಾಗಿಲು ತೆರೆಯಲಾರದು. ಒಳಗೆ ಬಿಡಿ ಸಾಮಾನು ಏನೂ ಇರಬಾರದು. ಒಂದು ಸಲ ಅಭ್ಯಾಸದ ಇಳಿಕೆಯಲ್ಲಿ ಮೂಗು ಕೆಳಗೆ ಮಾಡಿದಾಗ ಗುರುಗಳಿಗೆಂದು ಹಿಂದೆ ಇಟ್ಟಿದ್ದ ಒಂದು ಕೆ.ಜಿ. ಕರದಂಟಿನ ಡಬ್ಬಿ ಸೀಟಿನ ಕೆಳಗಿಂದ ಜಾರಿಬಂದು ನನ್ನ ಪೆಡಲಿನ ಹಿಂದೆ ಕೂತಿತು. ಎಡಗಾಲು ಒತ್ತಿದರೆ ಒತ್ತದು. ಗುರುಗಳು ಅವತ್ತು ಬೈದ ಬೈಗುಳ ಬಾನುಲಿಯಲ್ಲಿ ಹೇಳುವಂಥದ್ದಲ್ಲ. ಕರದಂಟು ಮಾತ್ರ ತಿಂದರು.

ಇಷ್ಟೆಲ್ಲ ಎತ್ತರ ಇದ್ದಾಗಿನ ಮಾತು. ಏಳುತ್ತಿದ್ದಂತೆಯೇ, ನೆಲದಿಂದ ಐನೂರು ಅಡಿಯಲ್ಲಿ ಎಂಜಿನ್ ಹೋದರೆ ಹಿಂದಿನ ರನ್‌ವೇ ಬಾ ಎಂದು ಕರೆಯುತ್ತದೆ. ಹೋಗಬಾರದು. ಆ ತಿರುವಿಗೆ ಅರ್ಧ ಸುತ್ತು ಸಾಲದು, ಅದಕ್ಕಿಂತ ಹೆಚ್ಚು ತಿರುಗಬೇಕು. ಅವಸರಕ್ಕೆ ರೆಕ್ಕೆಯನ್ನು ಅರವತ್ತು ಡಿಗ್ರಿ ವಾಲಿಸಿದರೆ ವಿಮಾನಕ್ಕೆ ತನ್ನ ಭಾರವೇ ಎರಡು ಪಟ್ಟಾಗುತ್ತದೆ, 50 ನಾಟ್‌ನಲ್ಲಿ ಆಗುತ್ತಿದ್ದ ಸ್ಟಾಲ್ 70ರಲ್ಲೇ ಆಗುತ್ತದೆ. ನಿಮ್ಮ ಕೈಯಲ್ಲಿರುವುದೋ 65. ಮುಂದೆ, ತುಸು ಎಡಕ್ಕೆ, ತುಸು ಬಲಕ್ಕೆ ಏನು ಸಿಗುತ್ತದೋ ಅಲ್ಲಿ ಇಳಿಯಬೇಕು, ರೆಕ್ಕೆ ಮುರಿದರೆ ಮುರಿಯಲಿ.

2023ರ ಮೇ 30ರಂದು ಸಾಂಬ್ರಾದಿಂದ ಎದ್ದ ಎರಡು ಸೀಟಿನ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಾಗಿ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ, ಅಷ್ಟೇ. ಬೇಸಿಗೆಯ ಹೊಲ, ಮಳೆ ಇನ್ನೂ ಹಿಡಿದಿರಲಿಲ್ಲ. ಊರವರು ಓಡಿಬಂದರು. ಬರುವುದೂ ಸಹಜ, ಬರಬೇಕಾದದ್ದೂ ಸರಿ. ಬಂದಾಗ ಏನು ಮಾಡಬೇಕೆಂಬುದನ್ನು ಹೇಳಲು ಈ ಬಾನುಲಿಗಿಂತ ಒಳ್ಳೆಯ ಜಾಗ ನನಗೆ ಸಿಗದು.

ನಿಮ್ಮ ಹೊಲಕ್ಕೆ ವಿಮಾನ ಇಳಿಯುತ್ತಿರುವುದು ಕಂಡರೆ ಅದರ ಮುಂದೆ ನಿಂತು ಮೊಬೈಲಿನಲ್ಲಿ ಹಿಡಿಯಬೇಡಿ. ಎಂಜಿನ್ ಇಲ್ಲದ ವಿಮಾನ ಸದ್ದು ಮಾಡದೆ ಬರುತ್ತದೆ, ಪಕ್ಕಕ್ಕೆ ಸರಿಯಲೂ ಅದಕ್ಕೆ ಶಕ್ತಿ ಇರುವುದಿಲ್ಲ. ನಿಂತ ಮೇಲೆ ಹಿಂದಿನಿಂದಲೋ ಪಕ್ಕದಿಂದಲೋ ಹತ್ತಿರ ಹೋಗಿ. ಬೀಡಿ, ಸಿಗರೇಟು ದೂರ. ರೆಕ್ಕೆಯ ಒಳಗೇ ಪೆಟ್ರೋಲ್ ಇರುತ್ತದೆ. ಮುಂದಿನ ಪಂಖಾ ನಿಂತಿದ್ದರೂ ಕೈಯಿಂದ ತಿರುಗಿಸಬೇಡಿ. ಆಗಲೇ ಹೇಳಿದೆನಲ್ಲ, ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಒಳಗೆ ತಂತಿ ಕಿತ್ತಿದ್ದರೆ ಒಂದು ತಿರುವಿಗೇ ಎಂಜಿನ್ ಒದೆಯುತ್ತದೆ. ಒಳಗಿದ್ದವರಿಗೆ ಪ್ರಜ್ಞೆ ಇದ್ದರೆ ಅವರ ಮಾತು ಕೇಳಿ, ಬೆಂಕಿಯ ಭಯ ಇಲ್ಲದಿದ್ದರೆ ಎಳೆದಾಡಬೇಡಿ, 112ಕ್ಕೆ ಫೋನ್ ಮಾಡಿ. ಮುರಿದು ಬಿದ್ದ ತುಂಡನ್ನು ಮನೆಗೆ ಒಯ್ಯಬೇಡಿ. ಎಂಜಿನ್ ಏಕೆ ನಿಂತಿತು ಎಂದು ತನಿಖೆಯವರಿಗೆ ತಿಳಿಯುವುದು ಆ ತುಂಡಿನಿಂದಲೇ ಇರಬಹುದು. ಬೆಳೆ ಹಾಳಾದದ್ದಕ್ಕೆ ಸಿಟ್ಟು ಬರುತ್ತದೆ, ನನಗೂ ಗೊತ್ತು, ರೈತನ ಮಗ. ಅದನ್ನು ಆಮೇಲೆ ಕೂತು ಮಾತಾಡೋಣ.

ಅಪ್ಪ ಇದುವರೆಗೆ ನನ್ನ ವಿಮಾನ ಹತ್ತಿಲ್ಲ. ಕಾಲು ನೆಲದ ಮೇಲಿರಲಿ ಎನ್ನುತ್ತಾರೆ. ಆದರೆ ಹೋದ ವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. "ಕಲ್ಲೋಳಿ ಮಗ್ಗಲಿನ ಆ ಉದ್ದಾನ ಹೊಲ ಬರಕೊಂಡೀಯಲ್ಲ, ಅದಕ್ಕ ಬೋರ್ ಹೊಡದಾರ. ನೀರು ಬಿದ್ದೇತಿ. ಮುಂದಿನ ತಿಂಗಳು ಕಬ್ಬು ಹಚ್ಚತಾರಂತ. ನಿನ್ನ ವಹಿಯಾಗಿಂದ ತಗೀ."

ತೆಗೆದೆ.